ಪದ್ಮಿನಿ ಇಂಜಿನ್: ಹೊಸ ರಿಂಗ್ ಹಾಕಿದರೂ ಗ್ಯಾಪ್ ಜಾಸ್ತಿ ಬರ್ತಿದೆ, ಏನು ಮಾಡಲಿ?

ಕೇಳಿದವರು, ಪುಣೆಯ ಕೋಥ್ರೂಡ್‌ನಿಂದ:

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ. ಆಯಿಲ್ ಕುಡಿಯುತ್ತಿತ್ತು, ನೀಲಿ ಹೊಗೆ ಬಿಡುತ್ತಿತ್ತು. ಇಂಜಿನ್ ಬಿಚ್ಚಿದ್ದೇನೆ. ನಾನಾ ಪೇಟ್‌ನಲ್ಲಿ ಸ್ಟ್ಯಾಂಡರ್ಡ್ ಸೈಜಿನ ಹೊಸ ರಿಂಗ್ ಸೆಟ್ ಸಿಕ್ಕಿತು. ಮೂರನೇ ಸಿಲಿಂಡರಿನಲ್ಲಿ ಟಾಪ್ ರಿಂಗ್ (ಪಿಸ್ಟನ್ನಿನ ಎಲ್ಲಕ್ಕಿಂತ ಮೇಲಿನ ರಿಂಗ್) ಇಳಿಸಿ, ಅದರ ಎರಡು ತುದಿಗಳ ನಡುವಿನ ಗ್ಯಾಪಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿದರೆ ಮೇಲ್ಗಡೆ 0.65 ಮಿ.ಮೀ., ಕೆಳಗಡೆ 0.30 ಬರುತ್ತಿದೆ. ರಿಂಗೇ ಸರಿ ಇಲ್ವಾ? ಮೆಕ್ಯಾನಿಕ್ "ಒಂದು ಸೈಜ್ ದೊಡ್ಡ ರಿಂಗ್ ತನ್ನಿ, ತುದಿ ಉಜ್ಜಿ ಕೂರಿಸೋಣ" ಅಂತಾರೆ. ಮಾಡಿಸಿ ನೋಡಿದವರು ಹೇಳಿ.

ಪಿಂಪ್ರಿಯಿಂದ:

ರಿಂಗ್ ಸರಿಯಾಗೇ ಇದೆ ನೋಡ್ರಿ. ಸವೆದಿರೋದು ಬೋರ್, ಅಂದ್ರೆ ಸಿಲಿಂಡರಿನ ಒಳಗೋಡೆ. ಅದೇ ರಿಂಗ್ ಕೆಳಗೆ 0.30 ತೋರಿಸಿ ಮೇಲೆ 0.65 ತೋರಿಸಿದರೆ ತಪ್ಪು ರಿಂಗಿನದ್ದು ಹೇಗಾಗುತ್ತದೆ? ಬೋರಿನ ವ್ಯಾಸ ಎಷ್ಟು ಹಿಗ್ಗುತ್ತದೋ, ಗ್ಯಾಪ್ ಅದರ 3.14 ಪಟ್ಟು ಹಿಗ್ಗುತ್ತದೆ. ನಿಮ್ಮ ಎರಡು ಅಳತೆಗಳ ನಡುವೆ 0.35 ವ್ಯತ್ಯಾಸ. 3.14ರಿಂದ ಭಾಗಿಸಿ, 0.11 ಬರುತ್ತದೆ. ಅಂದ್ರೆ ಮೇಲ್ಗಡೆ ಬೋರ್ ಕೆಳಗಿಗಿಂತ 0.11 ಮಿ.ಮೀ. ಅಗಲ ಆಗಿದೆ. ಬೋರ್ ಗೇಜ್ ಇಲ್ಲದೆಯೇ ರಿಂಗ್ ನಿಮಗೆ ಇಷ್ಟು ಹೇಳಿಬಿಟ್ಟಿದೆ.

ಒಂದೇ ಒಂದು ಸಲ ಖಾತ್ರಿ ಮಾಡಿಕೊಳ್ಳಿ. ರಿಂಗನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಓರೆಯಾಗಿ ನಿಲ್ಲುತ್ತದೆ, ಆಗ ಅಳತೆ ಸುಳ್ಳಾಗುತ್ತದೆ. ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ತಳ್ಳಿ. ರಿಂಗ್ ನೇರ ಕೂರುತ್ತದೆ.

ದೊಡ್ಡ ರಿಂಗ್ ಉಜ್ಜಿ ಹಾಕೋದು ಮಾತ್ರ ಬೇಡವೇ ಬೇಡ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಇದು ಮಾಮೂಲಿ, ಅದಕ್ಕೇ ಒತ್ತಿ ಹೇಳ್ತಿದ್ದೇನೆ. ಅರ್ಧ ಮಿಲಿಮೀಟರ್ ದೊಡ್ಡ ರಿಂಗ್ ಅಂದ್ರೆ ತುದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ತೆಗೆಯಬೇಕು. ಗ್ಯಾಪ್ ಏನೋ ಸರಿ ಬರುತ್ತದೆ. ಆದರೆ ಆ ರಿಂಗಿನ ಆಕಾರ ದೊಡ್ಡ ಬೋರಿಗೆ ಮಾಡಿದ್ದು. ನಿಮ್ಮ ಗೋಡೆಗೆ ಅಲ್ಲೊಂದು ಕಡೆ ಇಲ್ಲೊಂದು ಕಡೆ ತಾಗುತ್ತದೆ, ನಡುವೆ ಆಯಿಲ್ ದಾರಿ ಮಾಡಿಕೊಳ್ಳುತ್ತದೆ. ಬೋರ್ ಮೇಲೆ ಅಗಲ, ಕೆಳಗೆ ಕಿರಿದು ಇರೋದಂತೂ ಹಾಗೇ ಉಳಿಯಿತಲ್ಲ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ರಿಂಗ್ ಸೆಕೆಂಡಿಗೆ 50 ಸಲ ಆ 0.35 ಮಿ.ಮೀ. ತೆರೆದು ಮುಚ್ಚುತ್ತದೆ. ಎಷ್ಟು ದಿನ ತಡೆದೀತು? ಸತಾರಾ ಕಡೆ ಹೊರಟು ಖಂಬಾಟ್ಕಿ ಘಾಟ್ ಹತ್ತುವಾಗ ಹೊಗೆ ಮತ್ತೆ ಶುರು.

ಬೋರಿನ ಮೇಲ್ತುದಿಗೆ ಉಗುರು ಎಳೆದು ನೋಡಿ. ರಿಂಗ್ ತಲುಪದ ಜಾಗದಲ್ಲಿ ಒಂದು ಅಂಚು ತಟ್ಟುತ್ತದೆ. ಹಳೇ ರಿಂಗ್ ಅದರ ಜೊತೆ ತಾನೂ ಸವೆದಿರುತ್ತದೆ. ಹೊಸ ರಿಂಗಿನ ಮೂಲೆ ಚೂಪು, ಆ ಅಂಚಿಗೆ ಬಡಿದು ಮುರಿಯುತ್ತದೆ.

ಬೋರ್ ಮಾಡಿಸಿ, ಸರ್. ಅಂದ್ರೆ ಸಿಲಿಂಡರನ್ನು ಸಮ ಕೊರೆಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಿಸಿ. ಭೋಸರಿಯಲ್ಲಿ ಲೇಥ್‌ನವರಿಗೆ ಬರವಿಲ್ಲ. ಆದರೆ ಮೊದಲು ಪಿಸ್ಟನ್ ಸೆಟ್ ಕೈಗೆ ಬರಲಿ. ನಾಲ್ಕೂ ಪಿಸ್ಟನ್ ಅವರ ಕೈಗೆ ಕೊಟ್ಟು, ಅಳೆದು, ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿ ಅನ್ನಿ. ಬೋರ್ ಮಾಡಿಸಿ ಆಮೇಲೆ ಆ ಸೈಜಿನ ಪಿಸ್ಟನ್ ಹುಡುಕಿಕೊಂಡು ಕುರ್ಲಾದ ಸಿಎಸ್‌ಟಿ ರೋಡಿನ ಅಂಗಡಿ ಅಂಗಡಿ ಅಲೆದವರನ್ನು ನೋಡಿದ್ದೇನೆ.

ಕೇಳಿದವರು:

ಅಂಚು ಇದೆ, ಉಗುರು ಚೆನ್ನಾಗೇ ನಿಲ್ಲುತ್ತದೆ. ಬೋರ್ ಮಾಡಿಸಿದ ಮೇಲೆ ಗ್ಯಾಪ್ ಎಷ್ಟಿಡಬೇಕು? ಮ್ಯಾನುಯಲ್ ನನ್ನ ಹತ್ತಿರ ಇಲ್ಲ.

ಮುಂಬೈಯ ಘಾಟ್ಕೋಪರ್‌ನಿಂದ:

ಮ್ಯಾನುಯಲ್ ಅಥವಾ ರಿಂಗ್ ಡಬ್ಬಿಯ ಚೀಟಿ ಸಿಕ್ಕರೆ ಅದೇ ಮಾತು ಅಂತಿಮ ಮಾರಾಯ್ರೇ. ಸಿಗದಿದ್ದರೆ ಬೋರಿನ ಪ್ರತಿ ಮಿಲಿಮೀಟರಿಗೆ 0.004 ಲೆಕ್ಕ ಹಿಡಿಯಿರಿ. ಪದ್ಮಿನಿಯ 1089 ಸಿಸಿ ಇಂಜಿನ್ನಿಗೆ ಬೋರ್ 68 ಮಿ.ಮೀ., ಟಾಪ್ ರಿಂಗಿಗೆ 0.27 ಆಯಿತು. ಎರಡನೇದಕ್ಕೆ 0.30, 0.32 ಆದರೂ ಒಳ್ಳೆಯದೇ. ಎರಡು ರಿಂಗುಗಳ ನಡುವೆ ಸಿಕ್ಕಿಕೊಂಡ ಗ್ಯಾಸ್ ಕೆಳಗೆ ಹೋಗಲು ದಾರಿ ಬೇಕಲ್ವಾ, ಇಲ್ಲದಿದ್ದರೆ ಟಾಪ್ ರಿಂಗನ್ನು ಎತ್ತುತ್ತದೆ.

ಸಂಶಯ ಬಂದರೆ ಜಾಸ್ತಿ ಕಡೆಗೇ ಇರಲಿ. 68ರ ಬೋರಿಗೆ ರಿಂಗಿನ ಸುತ್ತಳತೆ ಸುಮಾರು 214 ಮಿ.ಮೀ. ಗೋಡೆಗಿಂತ ರಿಂಗ್ 100 ಡಿಗ್ರಿ ಜಾಸ್ತಿ ಬಿಸಿಯಾದರೆ 0.23 ಮಿ.ಮೀ. ಹಿಗ್ಗುತ್ತದೆ. 0.15 ಇಟ್ಟಿದ್ದರೆ ತುದಿಗೆ ತುದಿ ತಾಗಿ, ಬೋರ್ ಗೀರಿ, ಪಿಸ್ಟನ್ನೂ ಒಡೆಯಬಹುದು. ಸ್ವಲ್ಪ ಜಾಸ್ತಿ ಇದ್ದರೆ ಅಂಥ ನಷ್ಟ ಏನಿಲ್ಲ.

ಕಡಿಮೆ ಬಂದರೆ ಮಾತ್ರ ಉಜ್ಜಿ. ಫೈಲನ್ನು ವೈಸಿಗೆ ಕಚ್ಚಿಸಿ, ರಿಂಗನ್ನು ಅದರ ಮೇಲೆ ಆಡಿಸಿ. ಒಂದೇ ತುದಿ. ಹೊರ ಮುಖದಿಂದ ಒಳಕ್ಕೆ ಮಾತ್ರ ಎಳೆಯಿರಿ, ಒಳಗಿಂದ ಹೊರಕ್ಕೆ ಎಳೆದರೆ ಹೊರ ಮುಖದ ಕ್ರೋಮ್ ಲೇಪ ಎದ್ದುಬರುತ್ತದೆ. ಎರಡೆಳೆತಕ್ಕೊಮ್ಮೆ ಇಳಿಸಿ ಅಳೆಯಿರಿ. ಯಾವ ಸಿಲಿಂಡರಿಗೆ ಅಳೆದಿರೋ ಆ ರಿಂಗ್ ಅದಕ್ಕೇ ಹೋಗಬೇಕು, ಪೊಟ್ಟಣ ಕಟ್ಟಿ ನಂಬರ್ ಬರೆದಿಡಿ.

ಇನ್ನೊಂದು. ಹೆಡ್ ಬಿಚ್ಚಿದ್ದೀರಲ್ಲ, ವಾಲ್ವ್ ಗೈಡುಗಳನ್ನೂ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಈಗಲೇ ನೋಡಿಬಿಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬುಸ್ ಎಂದು ಹೊಗೆ ಬಂದು ನಿಲ್ಲುತ್ತಿದ್ದರೆ ಆಯಿಲ್ ಅಲ್ಲಿಂದಲೂ ಇಳಿಯುತ್ತಿರಬಹುದು. ಇಲ್ಲಿ ಕಾಲಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಅವುಗಳ ಕೆಲಸ ಬಲ್ಲ ಹಳೇ ಮೇಸ್ತ್ರಿಗಳು ಇನ್ನೂ ಇದ್ದಾರೆ, ಕೇಳಿ ಕಲಿಯಿರಿ. ಉಳಿದಿರುವ ಒಂದೊಂದು ಗಾಡಿಯೂ ಓಡಬೇಕು ಅನ್ನೋದು ನನ್ನ ಆಸೆ.

ಗೋವಾದ ಮಾಪುಸಾದಿಂದ:

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನದೂ ಹೂಂ. ಬೋರ್ ಮಾಡಿ ಹೋನಿಂಗ್ (ಉಜ್ಜುವ ಕಲ್ಲಿನಿಂದ ಗೋಡೆಗೆ ಸಣ್ಣ ಗೆರೆ ಹಾಕೋದು) ಆದ ಮೇಲೆ ತೊಳೆಯೋದನ್ನು ಲೇಥ್‌ನವರಿಗೆ ಬಿಡಬೇಡಿ. ಸೀಮೆಎಣ್ಣೆಯಲ್ಲಿ ಒರೆಸಿ ಕೊಡುತ್ತಾರೆ. ಅದರಿಂದ ಗ್ರಿಟ್ (ಕಲ್ಲಿನ ಪುಡಿ) ಗೆರೆಗಳ ಒಳಗೆ ಕೂತೇ ಇರುತ್ತದೆ, ಹೊಸ ರಿಂಗನ್ನು ತಿಂದುಹಾಕುತ್ತದೆ. ಬಿಸಿನೀರು, ಸೋಪು, ಬ್ರಶ್ಶಿನಲ್ಲಿ ತಿಕ್ಕಿ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿ, ಬಟ್ಟೆ ಬೂದು ಆದರೆ ಮತ್ತೆ ತೊಳೆಯಿರಿ. ತೊಳೆದ ಬೋರ್ ಒಣಗಿದ ಕೂಡಲೇ ಆಯಿಲ್ ಸವರಿ. ಮಳೆಗಾಲದಲ್ಲಂತೂ ಟೀ ಕುಡಿದು ಬರುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.