ಪದಚರ್ಚೆ: ‘ಗೋಲ್ಡ್‌ಸ್ಮಿತ್’, ‘ಮೆಕ್ಯಾನಿಕ್’, ‘ಮಿಲಿಷಿಯಾ’ – ಕನ್ನಡದಲ್ಲಿ ಏನು ಬರೆಯಲಿ? ಶುಕ್ರವಾರದೊಳಗೆ ಬೇಕು

ಬಾಸ್ಟನ್ ಹತ್ತಿರದಿಂದ:

ಎಲ್ಲರಿಗೂ ನಮಸ್ಕಾರ.

ಊರಿಂದ ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರಿಗಾಗಿ ನಾವು ಕೆಲವರು ಸೇರಿ ಬಾಸ್ಟನ್ನಿನ ಹಳೆಯ ಜಾಗಗಳ ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ತರುತ್ತಿದ್ದೇವೆ. ನಾರ್ತ್ ಸ್ಕ್ವೇರ್‌ನಲ್ಲಿರುವ ಪಾಲ್ ರಿವೀರ್ ಮನೆಯ ಭಾಗ ನನ್ನ ಪಾಲಿಗೆ ಬಂದಿದೆ. ರಿವೀರ್ ಅಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಬಾಸ್ಟನ್ನಿನವನು. ಸುಮಾರು 1680ರಲ್ಲಿ ಕಟ್ಟಿದ ಮರದ ಮನೆ. 1770ರಲ್ಲಿ ರಿವೀರ್ ಕೊಂಡ. 1908ರಿಂದ ವಸ್ತುಸಂಗ್ರಹಾಲಯ. ಶುಕ್ರವಾರ ಅಚ್ಚಿಗೆ ಹೋಗಬೇಕು, ನಾನು ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

1775ರ ಏಪ್ರಿಲ್ 18ರ ರಾತ್ರಿ, ಬ್ರಿಟನ್ ರಾಜನ ಸೈನಿಕರು ಹೊರಟಿದ್ದಾರೆ ಅಂತ ಅವನು ಕುದುರೆ ಏರಿ ಸುದ್ದಿ ಮುಟ್ಟಿಸಿದ ಕತೆ ಬಹಳ ಜನಕ್ಕೆ ಗೊತ್ತು, ಅದು ಬಿಡಿ. ನನಗೆ ಕಷ್ಟವಾಗಿರುವುದು ಅವನ ಉಳಿದ ಬದುಕು. ಬೆಳ್ಳಿ ಕೆಲಸ ಮಾಡುತ್ತಿದ್ದ, ಆದರೆ ಆ ಕಾಲದ ಕಾಗದಪತ್ರಗಳಲ್ಲಿ ಅವನು ‘ಗೋಲ್ಡ್‌ಸ್ಮಿತ್’. ತಾನೂ ತನ್ನ ಗೆಳೆಯರೂ ‘ಮೆಕ್ಯಾನಿಕ್ಸ್’ ಅಂತ ಅವನೇ ಬರೆದಿದ್ದಾನೆ. ಯುದ್ಧ ಶುರುವಾದ ಮೇಲೆ ಮ್ಯಾಸಚೂಸೆಟ್ಸ್ ‘ಮಿಲಿಷಿಯಾ’ದಲ್ಲಿ 1776ರಲ್ಲಿ ಮೊದಲು ಮೇಜರ್, ಆಮೇಲೆ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್. ಈ ಮೂರೂ ಪದಕ್ಕೆ ನಿಘಂಟು ಕೊಡುವುದು ‘ಅಕ್ಕಸಾಲಿಗ’, ‘ಯಂತ್ರಕರ್ಮಿ’, ‘ನಾಗರಿಕ ಸೇನೆ’. ನಡುವಿನದಂತೂ ಪೂರ್ತಿ ತಪ್ಪು.

ಇನ್ನೊಂದು. ಅವನಿಗೆ ಇಬ್ಬರು ಹೆಂಡಿರು. ಮೊದಲನೆಯವಳು ಸಾರಾ ಓರ್ನ್, 1757ರಲ್ಲಿ ಮದುವೆ, ಎಂಟು ಮಕ್ಕಳು. 1773ರಲ್ಲಿ ತೀರಿಕೊಂಡಳು. ಅದೇ ವರ್ಷ ರೇಚಲ್ ವಾಕರ್‌ಳನ್ನು ಮದುವೆಯಾದ. ಮತ್ತೆ ಎಂಟು. ರೇಚಲ್‌ಳನ್ನು ಮೊದಲ ಎಂಟು ಮಕ್ಕಳ ‘ಮಲತಾಯಿ’ ಅಂತ ಬರೆಯಲು ಕೈ ಬರುತ್ತಿಲ್ಲ. ದಯವಿಟ್ಟು ಬೇಗ ತಿಳಿಸಿ.

ಧಾರವಾಡದಿಂದ:

ಅಕ್ಕಾರ, ‘ಪತ್ತಾರ’ ಅಂತ ಬರೀರಿ. ನಮ್ಮ ಕಡೆ ಬೆಳ್ಳಿ-ಬಂಗಾರ ಎರಡೂ ಮಾಡುವವರಿಗೆ ಅದೇ ಹೆಸರು. ಚಿಕ್ಕ ಮಾತು, ಎಲ್ಲರಿಗೂ ತಿಳಿಯುತ್ತದೆ. ಮಿಲಿಷಿಯಾಕ್ಕೆ ‘ದಂಡು’. ಮುಗಿಯಿತು.

ಬೆಂಗಳೂರಿನಿಂದ:

‘ದಂಡು’ ಸಂಸ್ಕೃತದ ‘ದಂಡ’ದಿಂದ ಬಂದದ್ದು. ‘ನಾಗರಿಕ ಸೇನೆ’ ಎರಡೂ ಪದ ಸಂಸ್ಕೃತ. ಕನ್ನಡದ್ದೇ ಆದ ‘ಪಡೆ’ ಇರುವಾಗ ಇವೆಲ್ಲ ಯಾಕೆ? ಮಿಲಿಷಿಯಾ = ಊರುಪಡೆ. ಮೆಕ್ಯಾನಿಕ್ = ಕಸುಬುಗ. ಲೆಫ್ಟಿನೆಂಟ್ ಕರ್ನಲ್ = ಕಿರುಪಡೆಯೊಡೆಯ. ಎನ್‌ಗ್ರೇವಿಂಗ್ (ಲೋಹದ ಮೇಲಿನ ಕೆತ್ತನೆ) ಬಂದರೆ ‘ಕಂಡರಣೆ’. ಇಂಗ್ಲಿಷ್ ಪದವನ್ನು ಹಾಗೇ ಬಿಡಬೇಡಿ. ಒಮ್ಮೆ ಬಿಟ್ಟರೆ ಮತ್ತೆ ಕನ್ನಡದ ಪದ ಹುಟ್ಟುವುದೇ ಇಲ್ಲ.

ಮೈಸೂರಿನಿಂದ:

‘ಕಸುಬು’ ಅರಬ್ಬಿಯ ‘ಕಸ್ಬ್’. ಗಳಿಕೆ, ದುಡಿಮೆ ಅಂತ ಅರ್ಥ. ಕನ್ನಡದ್ದೇ ಬೇಕು ಎಂದು ಹಟ ಹಿಡಿದವರು ಮೊದಲು ಇದನ್ನು ನೋಡಿಕೊಳ್ಳಬೇಕಿತ್ತು. ‘ಅಕ್ಕಸಾಲಿ’ ಕೂಡ ಬಂದ ಪದವೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನದ ಕೆಲಸ ನಡೆಯುವ ಜಾಗಕ್ಕೆ ‘ಅಕ್ಷಶಾಲಾ’ ಎನ್ನುತ್ತಾರೆ. ಅದು ನಮ್ಮಲ್ಲಿ ಅಕ್ಕಸಾಲೆ, ಅಗಸಾಲೆ ಆಯಿತು. ಟಂಕಶಾಲೆ ಟಂಕಸಾಲೆ ಆದ ಹಾಗೆಯೇ.

ಮಿಲಿಷಿಯಾಕ್ಕೆ ಹೊಸ ಪದ ಹುಟ್ಟಿಸುವ ಅಗತ್ಯವೇ ಇಲ್ಲ ತಾಯಿ. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಸರಿಯಾದ ಪದವಿತ್ತು: ‘ಕಂದಾಚಾರ’. ಖಾಯಂ ಸೈನ್ಯ ಬೇರೆ, ಕಂದಾಚಾರದವರು ಬೇರೆ. ಊರುಗಳಲ್ಲೇ ಇದ್ದು, ಕರೆದಾಗ ಆಯುಧ ಹಿಡಿದು ಬರುತ್ತಿದ್ದ ಜನ. ಆಮೇಲೆ ಪೊಲೀಸ್ ಕೆಲಸವನ್ನೂ ಅವರೇ ನೋಡಿಕೊಂಡರು. ಬ್ರಿಟಿಷ್ ಪ್ರವಾಸಿ ಬುಕಾನನ್ 1800ರಲ್ಲಿ ಈ ಸೀಮೆ ಸುತ್ತಿದಾಗ ಇವರ ವಿಷಯ ಬರೆದುಕೊಂಡಿದ್ದಾನೆ. ರಿವೀರ್ ಬದುಕಿದ್ದ ಕಾಲವೂ ಅದೇ. ಇಂಥ ಪದ ಬಿಟ್ಟು ‘ಊರುಪಡೆ’ ಯಾಕೆ?

ಮಂಗಳೂರಿನಿಂದ:

ಮೇಷ್ಟ್ರೇ, ನಿಮ್ಮ ಪದ ನಿಜ, ಚರಿತ್ರೆಯೂ ನಿಜ. ಆದರೆ ಇವತ್ತು ‘ಕಂದಾಚಾರ’ ಅಂದ ಕೂಡಲೇ ಓದುವವರ ಮನಸ್ಸಿಗೆ ಬರುವುದು ಮೂಢನಂಬಿಕೆ. ‘ಕಂದಾಚಾರದ ಅಧಿಕಾರಿ’ ಅಂತ ಬರೆದರೆ ರಿವೀರ್ ಯಾವುದೋ ಮಠದವನು ಅಂದುಕೊಳ್ಳುತ್ತಾರೆ. ಕರಪತ್ರದಲ್ಲಿ ಅದಕ್ಕೆ ವಿವರಣೆ ಕೊಡಲು ಜಾಗ ಇರುವುದಿಲ್ಲ.

‘ಕಸುಬು’ ಬೇಡ, ‘ಕೆಲಸ’ದಿಂದ ಏನಾದರೂ ಮಾಡೋಣ ಅಂತ ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ. ‘ಕೆಲಸಿ’ ಅಂದರೆ ನಮ್ಮ ಕಡೆ ಕ್ಷೌರ ಮಾಡುವವರು. ಅದನ್ನು ಮುಟ್ಟಬೇಡಿ.

ಶಿವಮೊಗ್ಗದಿಂದ (ಪತ್ರಿಕೆಯಲ್ಲಿ ಅನುವಾದ ಮಾಡುತ್ತೇನೆ):

ಎಲ್ಲರೂ ಪದದ ಹುಟ್ಟಿನ ಹಿಂದೆ ಬಿದ್ದಿದ್ದೀರಿ. ಅವರು ಕೇಳಿದ್ದು ಅರ್ಥ. ಆ ಮನುಷ್ಯ ಏನಾಗಿದ್ದ ಅಂತ ಮೊದಲು ನೋಡೋಣ, ಅಲ್ವಾ?

‘ಅಕ್ಕಸಾಲಿಗ’, ‘ಪತ್ತಾರ’ ಎರಡರಲ್ಲೂ ನನಗೊಂದು ತೊಡಕು ಕಾಣುತ್ತದೆ. ನಮ್ಮಲ್ಲಿ ಇವು ಕೆಲಸದ ಹೆಸರು ಮಾತ್ರ ಅಲ್ಲ, ಜಾತಿಯ ಹೆಸರೂ ಹೌದು. ಅಪ್ಪನಿಂದ ಮಗನಿಗೆ ಬರುವುದು ಅಂತಲೇ ಓದುಗರು ತಿಳಿಯುತ್ತಾರೆ. ರಿವೀರ್ ಕಲಿತದ್ದು ಅಪ್ಪನಿಂದಲೇ, ನಿಜ. ಆದರೆ ಆ ಅಪ್ಪನಿಗೆ ಈ ಕೆಲಸ ಮನೆತನದಿಂದ ಬಂದದ್ದಲ್ಲ. ಅವನು ಫ್ರಾನ್ಸಿನ ಹ್ಯೂಗನಾಟ್, ಅಂದರೆ ಅಲ್ಲಿನ ಪ್ರಾಟೆಸ್ಟಂಟ್. ಹೆಸರು ಅಪೊಲೊಸ್ ರಿವಾರ್. ಹದಿಮೂರರ ಹುಡುಗನಾಗಿ ಒಬ್ಬನೇ ಬಾಸ್ಟನ್ನಿಗೆ ಬಂದು ಜಾನ್ ಕೋನಿ ಎಂಬ ಬೆಳ್ಳಿ ಕೆಲಸಗಾರನ ಅಂಗಡಿಯಲ್ಲಿ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದ. 1722ರಲ್ಲಿ ಕೋನಿ ಸತ್ತ. ಉಳಿದ ವರ್ಷಗಳ ಲೆಕ್ಕಕ್ಕೆ ಹಣ ಕಟ್ಟಿ ಹುಡುಗ ಬಿಡಿಸಿಕೊಂಡ. ಆಮೇಲೆ ಊರವರ ಬಾಯಿಗೆ ಸುಲಭವಾಗಲಿ ಅಂತ ಹೆಸರನ್ನು ‘ಪಾಲ್ ರಿವೀರ್’ ಮಾಡಿಕೊಂಡ. ಮಗನಿಗೂ ಅದೇ ಹೆಸರು. ಕೆಲಸ ಅವರಿಗೆ ಬಂದದ್ದು ಕರಾರಿನಿಂದ, ಕುಲದಿಂದಲ್ಲ. ಹಾಗಾಗಿ ‘ಬೆಳ್ಳಿ ಕೆಲಸಗಾರ’ ಅಂತ ಸರಳವಾಗಿ ಬರೆಯಿರಿ.

‘ಮೆಕ್ಯಾನಿಕ್’ ಪದವನ್ನಂತೂ ಹಾಗೇ ಬಿಡುವಂತಿಲ್ಲ. ನಮಗೆ ಮೆಕ್ಯಾನಿಕ್ ಅಂದರೆ ಗ್ಯಾರೇಜಿನವನು. 18ನೇ ಶತಮಾನದ ಬಾಸ್ಟನ್ನಿನಲ್ಲಿ ಕೈಯಿಂದ ವಸ್ತು ಮಾಡಿ ಬದುಕುವ ಎಲ್ಲರೂ ಮೆಕ್ಯಾನಿಕ್ಕುಗಳೇ. ಬಡಗಿ, ಕಮ್ಮಾರ, ಚರ್ಮ ಹದ ಮಾಡುವವನು, ಹಡಗು ಕಟ್ಟುವವನು, ಎಲ್ಲ. ಆ ಏಪ್ರಿಲ್ ರಾತ್ರಿ ಬೇರೆ ದಾರಿಯಲ್ಲಿ ಸುದ್ದಿ ಒಯ್ದ ವಿಲಿಯಂ ಡಾಸ್ ಕೂಡ ಚರ್ಮ ಹದ ಮಾಡುವವನೇ. ಇವರು ‘ಜಂಟಲ್‌ಮನ್’, ಅಂದರೆ ಮೇಲುವರ್ಗದವರು, ಅಲ್ಲ. ಆ ಗೆರೆ ಆಗ ದೊಡ್ಡದು. ಚಿತ್ರಕಾರ ಕಾಪ್ಲಿ ಸುಮಾರು 1768ರಲ್ಲಿ ಬರೆದ ರಿವೀರ್ ಚಿತ್ರ ನೋಡಿ. ಕೋಟಿಲ್ಲ, ಬಿಳಿ ಅಂಗಿಯ ಮೇಲೆ ಗುಂಡಿ ಹಾಕದ ವೇಸ್ಟ್‌ಕೋಟ್. ಎಡಗೈಯಲ್ಲಿ ಇನ್ನೂ ಕೆತ್ತನೆ ಆಗದ ಬೆಳ್ಳಿಯ ಟೀ ಪಾತ್ರೆ. ಮುಂದಿನ ಮೇಜಿನ ಮೇಲೆ ಕೆತ್ತುವ ಉಳಿಗಳು. ದುಡ್ಡಿದ್ದವರು ಒಳ್ಳೆಯ ಕೋಟು ಹಾಕಿ ಚಿತ್ರ ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಇವನು ಕೆಲಸದ ಬಟ್ಟೆಯಲ್ಲೇ ಕೂತಿದ್ದಾನೆ. ಅನುವಾದದಲ್ಲಿ ಇದು ಉಳಿಯಬೇಕು. ‘ಕುಶಲಕರ್ಮಿ’ ಅಂದರೆ ಸರ್ಕಾರಿ ಯೋಜನೆಯ ಫಾರಂ ನೆನಪಾಗುತ್ತದೆ. ‘ಕಸುಬುದಾರ’ ಅನ್ನಿ. ಅರಬ್ಬಿಯಿಂದ ಬಂದದ್ದಾದರೂ ಸರಿ, ನಮ್ಮ ಅಜ್ಜಿಯರು ಆಡುತ್ತಿದ್ದ ಮಾತು.

ಬೆಂಗಳೂರಿನಿಂದ:

‘ಅರಬ್ಬಿಯಿಂದ ಬಂದದ್ದಾದರೂ ಸರಿ’ ಅನ್ನುವುದೇ ಸೋಲು. ಹೀಗೆ ಒಂದೊಂದಕ್ಕೂ ‘ಸರಿ’ ಅಂದು ಅಂದೇ ಕೋರ್ಟಿನ ಕನ್ನಡದಲ್ಲಿ ಇವತ್ತು ಕನ್ನಡ ಉಳಿದಿಲ್ಲ. ಜಾಮೀನು, ವಜಾ, ಖುಲಾಸೆ. ಈಗ ಕರ್ನಲ್, ಮೇಜರ್ ಕೂಡ ಸೇರಿಸಿ.

ಮೈಸೂರಿನಿಂದ:

‘ಖುಲಾಸೆ’ ಅಂದರೆ ಹಳ್ಳಿಯ ರೈತನಿಗೂ ತಿಳಿಯುತ್ತದೆ. ತಿಳಿಯುವ ಪದವನ್ನು ಹೊರಗೆ ಹಾಕುವುದು ಭಾಷೆಯ ಸೇವೆಯಲ್ಲ. ‘ಕಿರುಪಡೆಯೊಡೆಯ’ ಯಾರಿಗೂ ತಿಳಿಯುವುದಿಲ್ಲ. ಅದು ಲೆಫ್ಟಿನೆಂಟ್ ಕರ್ನಲ್ಲೋ ಹವಾಲ್ದಾರನೋ ಯಾರು ಹೇಳಬೇಕು? ಹುದ್ದೆಯ ಹೆಸರು ಅಂಕಿತನಾಮದ ಹಾಗೆ. ಅನುವಾದ ಮಾಡಬಾರದು. ‘ಕಂಡರಣೆ’ ಮಾತ್ರ ಒಳ್ಳೆಯ ಪದ. ಶಾಸನಗಳಲ್ಲಿ ‘ಕಂಡರಿಸಿದ’ ಎಂದು ಬರುತ್ತದೆ. ಅದನ್ನು ಇಟ್ಟುಕೊಳ್ಳಿ.

ಧಾರವಾಡದಿಂದ:

ಜಾತಿ ಹೆಸರು ಅಂತ ಪತ್ತಾರ ಬಿಡುವುದಾದರೆ ಬಡಗಿ, ಕಮ್ಮಾರ, ಕುಂಬಾರ ಎಲ್ಲಾ ಬಿಡಬೇಕಾಗುತ್ತದೆ. ಆಮೇಲೆ ಬರೆಯಲು ಏನೂ ಉಳಿಯುವುದಿಲ್ಲ. ನಾನು ಒಪ್ಪುವುದಿಲ್ಲ.

ಬಾಸ್ಟನ್ ಹತ್ತಿರದಿಂದ:

ಎಲ್ಲರಿಗೂ ಧನ್ಯವಾದ. ಜಗಳ ಬೇಡ, ನಿಮ್ಮ ಎಲ್ಲರ ಮಾತೂ ನನಗೆ ಬೇಕು. ಮಿಲಿಷಿಯಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ ಅಂತ ಗೊತ್ತಾಗುತ್ತದೆ.

ಅವತ್ತಿನ ಮ್ಯಾಸಚೂಸೆಟ್ಸ್‌ನಲ್ಲಿ ಊರಿನ ಗಂಡಸರೆಲ್ಲ ಮಿಲಿಷಿಯಾದ ಲೆಕ್ಕಕ್ಕೆ ಸೇರುತ್ತಿದ್ದರು. ಬಂದೂಕು ಅವರವರದ್ದೇ. ಬೇರೆ ದಿನ ಹೊಲ, ಅಂಗಡಿ, ಕುಲುಮೆ. ಇದಕ್ಕೆ ಎದುರಾಗಿ ನಿಂತದ್ದು ‘ರೆಗ್ಯುಲರ್ಸ್’, ಅಂದರೆ ಬ್ರಿಟನ್ ರಾಜನ ಸಂಬಳದ ಖಾಯಂ ಸೈನಿಕರು. ಲೆಕ್ಸಿಂಗ್‌ಟನ್ ಊರಿನಲ್ಲಿ ರಾಜನ ವಿರೋಧಿ ಬಣದ ಮುಖಂಡರಾದ ಹ್ಯಾನ್‌ಕಾಕ್ ಮತ್ತು ಸ್ಯಾಮ್ಯುಯೆಲ್ ಆಡಮ್ಸ್ ತಂಗಿದ್ದ ಮನೆಯ ಬಾಗಿಲಲ್ಲಿ, ಗದ್ದಲ ಮಾಡಬೇಡ ಅಂದ ಕಾವಲಿನವನಿಗೆ ರಿವೀರ್ ಹೇಳಿದ್ದು ಈ ರೆಗ್ಯುಲರ್‌ಗಳು ಹೊರಟಿದ್ದಾರೆ ಅಂತ. ‘ಬ್ರಿಟಿಷರು ಬರುತ್ತಿದ್ದಾರೆ’ ಅಂತ ಅಲ್ಲ. ಅವತ್ತು ಆ ಊರವರೂ ತಾವು ಬ್ರಿಟಿಷರೇ ಅಂದುಕೊಂಡಿದ್ದರು. ಹಾಗಾಗಿ ಮಿಲಿಷಿಯಾಕ್ಕೆ ‘ಸೈನ್ಯ’, ‘ದಂಡು’ ಅಂದರೆ ಇಡೀ ಕತೆಯೇ ಕೆಡುತ್ತದೆ.

ರಿವೀರ್‌ಗೆ ವಾಷಿಂಗ್‌ಟನ್ನನ ಕಾಂಟಿನೆಂಟಲ್ ಸೇನೆಯಲ್ಲಿ ಹುದ್ದೆ ಬೇಕಿತ್ತು. ಸಿಗಲಿಲ್ಲ. ಬಾಸ್ಟನ್ ಬಂದರಿನ ಕಾಸಲ್ ಐಲ್ಯಾಂಡ್ ಕೋಟೆಯಲ್ಲಿ ಫಿರಂಗಿ ಕಾದುಕೊಂಡು ಇರಬೇಕಾಯಿತು. 1779ರಲ್ಲಿ ಬ್ರಿಟಿಷರ ಮೇಲೆ ಪೆನಾಬ್‌ಸ್ಕಾಟ್ ಎಂಬಲ್ಲಿಗೆ ಹೋದ ದಂಡಯಾತ್ರೆ ಪೂರ್ತಿ ನೆಲಕಚ್ಚಿತು. ಹಡಗುಗಳೆಲ್ಲ ಹೋದವು. ಅವನ ಮೇಲೆ ಅವಿಧೇಯತೆ, ಹೇಡಿತನದ ಆರೋಪ ಬಂತು. ತನ್ನ ಮೇಲೆ ಸೇನಾ ವಿಚಾರಣೆ ನಡೆಸಿ ಅಂತ ಅವನೇ ಮತ್ತೆ ಮತ್ತೆ ಅರ್ಜಿ ಹಾಕಿದ. ಕೊನೆಗೆ 1782ರಲ್ಲಿ ವಿಚಾರಣೆ ನಡೆದು ಖುಲಾಸೆ ಆಯಿತು. ಇಲ್ಲಿ ನಾನು ‘ಖುಲಾಸೆ’ ಅಂತಲೇ ಬರೆಯುತ್ತೇನೆ. ‘ಬಿಡುಗಡೆ’ ಅಂದರೆ ಜೈಲಿನಲ್ಲಿದ್ದ ಅಂತ ಅನಿಸುತ್ತದೆ.

ಇನ್ನೊಂದು ಪದ ಕೇಳುವುದು ಮರೆತಿತ್ತು. ಅವನು ಕೆಲವು ವರ್ಷ ಹಲ್ಲಿನ ಕೆಲಸವನ್ನೂ ಮಾಡಿದ್ದಾನೆ. ಅವನ ಗೆಳೆಯ ಡಾಕ್ಟರ್ ಜೋಸೆಫ್ ವಾರನ್ 1775ರ ಜೂನ್‌ನಲ್ಲಿ ಬಂಕರ್ ಹಿಲ್ ಕಾಳಗದಲ್ಲಿ ಸತ್ತರು. ಮುಂದಿನ ವರ್ಷ ಹೆಣ ಹೊರತೆಗೆದಾಗ, ತಾನು ತಂತಿಯಿಂದ ಕಟ್ಟಿದ್ದ ಕೃತಕ ಹಲ್ಲು ನೋಡಿ ರಿವೀರ್ ಗುರುತಿಸಿದ. ‘ದಂತವೈದ್ಯ’ ಅಂತ ಬರೆಯಬಹುದಾ?

ಮಂಗಳೂರಿನಿಂದ:

ಬೇಡ. ವೈದ್ಯ ಓದಿದವನಲ್ಲ. ‘ಹಲ್ಲು ಕಟ್ಟುತ್ತಿದ್ದ’ ಅನ್ನಿ. ಹಲ್ಲು ಕಟ್ಟಿಸಿಕೊಂಡೆ ಅಂತ ಇವತ್ತಿಗೂ ಹೇಳುತ್ತೇವಲ್ಲ. ಅವನು ನಿಜವಾಗಿಯೂ ತಂತಿ ಹಾಕಿ ಕಟ್ಟುತ್ತಿದ್ದ, ಪದ ಸರಿಯಾಗಿ ಕೂರುತ್ತದೆ. ಎರಕ ಹೊಯ್ದ ಗಂಟೆಗಳಿಗೂ ಹಾಗೇ, ‘ಲೋಹ ಉದ್ಯಮಿ’ ಗಿದ್ಯಮಿ ಬೇಡ. ‘ಗಂಟೆ ಎರಕ ಹೊಯ್ಯುತ್ತಿದ್ದ’.

ಮಲತಾಯಿಯೂ ಬೇಡ. ‘ಎರಡನೇ ಹೆಂಡತಿ’ ಅಂತ ಒಂದು ಸಲ ಹೇಳಿ ಸುಮ್ನೆ ಬಿಟ್ಟುಬಿಡಿ. ಸವಾರಿಯಾದ ಮೇಲೆ ಅವನು ಊರಿಗೆ ಬರಲಾಗದೆ ಹೊರಗಿದ್ದಾಗ ರೇಚಲ್ 125 ಪೌಂಡ್ ಹೊಂದಿಸಿ, ಒಂದು ಕಾಗದ ಬರೆದು, ಡಾಕ್ಟರ್ ಬೆಂಜಮಿನ್ ಚರ್ಚ್ ಕೈಲಿ ಕಳಿಸಿದಳಂತಲ್ಲ. ಚರ್ಚ್ ಬ್ರಿಟಿಷರ ಗೂಢಚಾರ. ಆ ಕಾಗದ ಆಮೇಲೆ ಸಿಕ್ಕಿದ್ದು ಬ್ರಿಟಿಷ್ ಸೇನಾಧಿಪತಿ ಜನರಲ್ ಗೇಜ್‌ನ ಕಡತದಲ್ಲಿ. ಆ ಹೆಂಗಸಿನ ಬಗ್ಗೆ ಒಂದೇ ವಾಕ್ಯ ಬರೆಯುವುದಾದರೆ ಇದನ್ನು ಬರೆಯಿರಿ.

ಬಾಸ್ಟನ್ ಹತ್ತಿರದಿಂದ:

ರೇಚಲ್ ವಾಕ್ಯ ಸೇರಿಸಿದೆ. ಕೊನೆಯ ಪ್ಯಾರಾ ಹೀಗಿದೆ, ನಾಳೆ ಬೆಳಿಗ್ಗೆ ಕಳಿಸುತ್ತೇನೆ:

“ಪಾಲ್ ರಿವೀರ್ ಬೆಳ್ಳಿ ಕೆಲಸಗಾರ. ತಾಮ್ರದ ತಗಡಿನ ಮೇಲೆ ಚಿತ್ರ ಕಂಡರಿಸುತ್ತಿದ್ದ, ಕೆಲವು ವರ್ಷ ಹಲ್ಲು ಕಟ್ಟುತ್ತಿದ್ದ. ಮ್ಯಾಸಚೂಸೆಟ್ಸ್ ಊರುಪಡೆಯ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ. ಯುದ್ಧ ಮುಗಿದ ಮೇಲೆ ಕಬ್ಬಿಣದ ಎರಕದ ಕಾರ್ಖಾನೆ ನಡೆಸಿದ. 1792ರಿಂದ ಗಂಟೆ ಎರಕ ಹೊಯ್ದ. 1801ರಲ್ಲಿ ಮ್ಯಾಸಚೂಸೆಟ್ಸ್‌ನದೇ ಕ್ಯಾಂಟನ್‌ನಲ್ಲಿ ತಾಮ್ರದ ತಗಡು ಮಾಡುವ ಗಿರಣಿ ಹಾಕಿದ. ಬಾಸ್ಟನ್ನಿನ ಸ್ಟೇಟ್ ಹೌಸ್ (ರಾಜ್ಯದ ಶಾಸನಸಭೆಯ ಕಟ್ಟಡ) ಗುಮ್ಮಟಕ್ಕೆ ಹೊದಿಸಿದ ತಾಮ್ರ ಅಲ್ಲಿಯದೇ. 1795ರಲ್ಲಿ ಊರಿನ ಕಸುಬುದಾರರು ಕಟ್ಟಿಕೊಂಡ ಸಂಘಕ್ಕೆ ಅವನೇ ಮೊದಲ ಅಧ್ಯಕ್ಷ. 1818ರಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡ.”

ಮೈಸೂರಿನಿಂದ:

ಊರುಪಡೆ ಒಪ್ಪುತ್ತೇನೆ. ಕಂದಾಚಾರದ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ, ಅದು ಇಲ್ಲಿಗೇ ಮುಗಿಯುವ ವಿಷಯವಲ್ಲ.

ಬೆಂಗಳೂರಿನಿಂದ:

‘ಊರುಪಡೆ’, ‘ಕಂಡರಿಸು’ ಉಳಿದದ್ದಕ್ಕೆ ಸಂತೋಷ. ‘ಲೆಫ್ಟಿನೆಂಟ್ ಕರ್ನಲ್’ಗೆ ನನ್ನ ವಿರೋಧ ಹಾಗೇ ಇದೆ.

ಧಾರವಾಡದಿಂದ:

ಅಕ್ಕಾರ, ‘ಕಾರ್ಖಾನೆ’ ಫಾರ್ಸಿ ಅಂತ ಇನ್ಯಾರಾದರೂ ಬರೆಯುವ ಮುಂಚೆ ಅಚ್ಚಿಗೆ ಕಳಿಸಿಬಿಡಿ. ‘ಪತ್ತಾರ’ ಹಾಕದೇ ಇದ್ದದ್ದು ಮಾತ್ರ ಸರಿಯಲ್ಲ.