ಠಾಣೆಯಲ್ಲಿ ಯಾರಿದ್ದಾರೆ, ಯಾರಿಗೆ ಹೇಳಬೇಕು? ದಸ್ತಗಿರಿ ದಾಖಲೆ ಕುರಿತು ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್ (ಭಾನುವಾರ, ಸಂಜೆ 4:02): ಇವತ್ತಿನ ವಿಷಯ ದಸ್ತಗಿರಿ ದಾಖಲೆ. ಊರಿನ ಠಾಣೆಯಲ್ಲಿ ಯಾರನ್ನು ಹಿಡಿದಿದ್ದಾರೆ ಅನ್ನುವ ಮಾಹಿತಿ ಜನಸಾಮಾನ್ಯರಿಗೆ ಎಲ್ಲಿ, ಎಷ್ಟು ಸಿಗುತ್ತದೆ ಅಂತ ಕೇಳಬಹುದು. ಉತ್ತರಿಸುವವರು ನಮ್ಮ ಗುಂಪಿನ ಕ್ರಿಮಿನಲ್ ವಕೀಲರು. ನಿಜವಾದ ಹೆಸರು, ಠಾಣೆ, ಅಪರಾಧ ಸಂಖ್ಯೆ ಹಾಕಬೇಡಿ. ಫಾರ್ವರ್ಡ್ ಬೇಡ.

ಮಂಜುಳಾ: ನಮಸ್ಕಾರ ಸರ್. ಅಮೆರಿಕದಲ್ಲಿ ಶೆರಿಫ್ ವೆಬ್‌ಸೈಟಲ್ಲೇ ಯಾರು ಜೈಲಲ್ಲಿದ್ದಾರೆ ಅಂತ ಫೋಟೋ ಸಮೇತ ನೋಡಬಹುದಂತೆ. ನಮ್ಮಲ್ಲೂ ಹೆಸರು ಹಾಕಿ ಹುಡುಕುವ ಹಾಗೆ ಇದೆಯಾ?

ವಕೀಲರು: ಇಲ್ಲ. ಅಲ್ಲಿ ಹಲವು ಕೌಂಟಿಗಳಲ್ಲಿ ಇದೆ, ನಮ್ಮಲ್ಲಿ ಅಂಥ ಒಂದು ಪಟ್ಟಿ ಇಲ್ಲ. ಮಾಹಿತಿ ಮೂರು ಕಡೆ ಹರಿದು ಹಂಚಿಹೋಗಿದೆ. ಮೊದಲನೆಯದು ಠಾಣೆಯ ಬೋರ್ಡು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಿಆರ್‌ಪಿಸಿ ಬದಲಿಗೆ ಬಂದದ್ದು) ಕಲಂ 37ರ ಪ್ರಕಾರ ಪ್ರತಿ ಠಾಣೆಯಲ್ಲೂ ಜಿಲ್ಲೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ನೇಮಕವಾಗಿರಬೇಕು. ದಸ್ತಗಿರಿಯಾದವರ ಹೆಸರು, ವಿಳಾಸ, ಆರೋಪ ಏನು ಅನ್ನುವುದನ್ನು ಆತ ಇಟ್ಟುಕೊಂಡು, ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಡಿಜಿಟಲ್ ಆದರೂ ಸರಿ. ಎರಡನೆಯದು ಎಫ್‌ಐಆರ್. ಮೂರನೆಯದು ಕೋರ್ಟಿನ ಕೇಸ್ ಸ್ಥಿತಿ. ಎಫ್‌ಐಆರ್ ಅಂದರೆ ದಸ್ತಗಿರಿ ದಾಖಲೆ ಅಲ್ಲ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಫ್‌ಐಆರ್‌ನಲ್ಲಿ ಹೆಸರಿದ್ದವರನ್ನು ಕಲಂ 35(3)ರ ನೋಟಿಸ್ ಕೊಟ್ಟು ಕರೆಸಿ ಹಾಗೇ ಬಿಟ್ಟಿರಬಹುದು. ‘ಅಪರಿಚಿತ’ ಅಂತ ಬರೆದ ಎಫ್‌ಐಆರ್‌ನಲ್ಲಿ ಆಮೇಲೆ ನಾಲ್ಕು ಜನ ಒಳಗೆ ಹೋಗಿರಬಹುದು. ಆ ನಾಲ್ಕು ಹೆಸರು ಸಿಗುವುದು ರಿಮ್ಯಾಂಡ್ ಅರ್ಜಿಯಲ್ಲಿ, ಅಂದರೆ ಬಂಧನದಲ್ಲಿಡಲು ಅನುಮತಿ ಕೇಳಿ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ಕೊಡುವ ಅರ್ಜಿಯಲ್ಲಿ, ಎಫ್‌ಐಆರ್‌ನಲ್ಲಿ ಅಲ್ಲ.

ಬಸವರಾಜ: ರೀ ವಕೀಲರ, ಗುನ್ನೆ ನಂಬರ್ ಗೊತ್ತಿಲ್ಲ, ಹೆಸರಷ್ಟ ಗೊತ್ತೈತಿ. ಎಫ್‌ಐಆರ್ ಹೆಂಗ ತೆಗೀಬೇಕು?

ವಕೀಲರು: ರಾಜ್ಯ ಪೊಲೀಸ್ ವೆಬ್‌ಸೈಟಿನ ಎಫ್‌ಐಆರ್ ಹುಡುಕಾಟಕ್ಕೆ ಜಿಲ್ಲೆ, ಠಾಣೆ, ವರ್ಷ, ಅಪರಾಧ ಸಂಖ್ಯೆ ಬೇಕು, ಹೆಸರೊಂದೇ ಸಾಲದು. ಹೆಸರಿನಿಂದ ಹೋಗುವುದಾದರೆ ಕೋರ್ಟುಗಳ ವೆಬ್‌ಸೈಟಾದ ಇ-ಕೋರ್ಟ್ಸ್‌ನಲ್ಲಿ ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿ. ಕಾಗುಣಿತ ಬದಲಿಸುತ್ತಾ ಹೋಗಿ. ಇಂಗ್ಲಿಷ್ ಅಕ್ಷರದಲ್ಲಿ ಮಂಜುನಾಥ್ ಒಂದು, ಮಂಜುನಾಥ ಇನ್ನೊಂದು. ಕಡೆಗೆ ‘ಎ’ ಇಲ್ಲದಿದ್ದರೆ ಸಿಗುವುದಿಲ್ಲ, ಆದ್ದರಿಂದ ಮೊದಲ ಐದಾರು ಅಕ್ಷರ ಮಾತ್ರ ಹಾಕುವುದು ಜಾಣತನ. ಸಿಕ್ಕ ಮೇಲೆ ‘ಬಿನ್’ ಯಾರು ಅಂತ ನೋಡಿ, ತಂದೆ ಹೆಸರು ತಾಳೆಯಾಗದಿದ್ದರೆ ಅದು ನಿಮ್ಮ ಮನುಷ್ಯ ಅಲ್ಲ. ಇನ್ನೊಂದು ವಿಷಯ, ದೋಷಾರೋಪಣ ಪಟ್ಟಿ ಬಂದು ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಆಗುವ ತನಕ ಕೇಸ್ ಅಲ್ಲಿ ಕಾಣದೇ ಇರಬಹುದು. ಅಷ್ಟರೊಳಗೆ ಜಾಮೀನು ಅರ್ಜಿ ಹಾಕಿದ್ದರೆ ಅದು ಕ್ರಿಮಿನಲ್ ಮಿಸ್. (ಮಿಸಲೇನಿಯಸ್, ಇತರೆ ಅರ್ಜಿ) ಅಂತ ಸೆಷನ್ಸ್ ಕೋರ್ಟಿನಲ್ಲಿ ಸಿಗುತ್ತದೆ. ಅದರೊಳಗೆ ಅಪರಾಧ ಸಂಖ್ಯೆ ಇರುತ್ತದೆ, ಅದನ್ನು ಹಿಡಿದು ಹಿಂದಕ್ಕೆ ಬನ್ನಿ.

ಶ್ರೀಧರ: ‘ಅತಿ ಮುಖ್ಯ ಮಾಹಿತಿ, ಎಲ್ಲರಿಗೂ ಕಳುಹಿಸಿ. ಈ ಲಿಂಕಿನಲ್ಲಿ ಆಧಾರ್ ಸಂಖ್ಯೆ ಹಾಕಿದರೆ ಆ ವ್ಯಕ್ತಿಯ ಮೇಲಿನ ಎಲ್ಲಾ ಪೊಲೀಸ್ ಕೇಸ್ ತೋರಿಸುತ್ತದೆ.’ ಇದು ನಿಜವಾ ಸರ್?

ವಕೀಲರು: ಸುಳ್ಳು. ಆಧಾರ್ ಹಾಕಿದರೆ ಕೇಸ್ ತೋರಿಸುವ ಸಾರ್ವಜನಿಕ ಸೌಲಭ್ಯ ಯಾವುದೂ ಇಲ್ಲ. ಆ ಲಿಂಕಿಗೆ ಬೇಕಾಗಿರುವುದು ನಿಮ್ಮ ಆಧಾರ್ ನಂಬರ್, ಆಮೇಲೆ ಬರುವ ಒಟಿಪಿ. ಹಾಕಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಫಾರ್ವರ್ಡ್ ಬೇಡ ಅಂತ ಮೇಲೆ ಬರೆದಿದೆ.

ಲೋಕೇಶ್: ಸರ್, ರೌಡಿ ಶೀಟ್‌ನಲ್ಲಿ ಹೆಸರು ಇದೆಯಾ ಇಲ್ವಾ ಅಂತ ಸಂಬಂಧಪಟ್ಟವರೇ ಕೇಳಿದರೆ ಹೇಳ್ತಾರಾ?

ಶೋಭಾ (5:10): ಸರ್, ತಮ್ಮನನ್ನು ಶುಕ್ರವಾರ ರಾತ್ರಿ 9 ಗಂಟೆಗೆ ಮನೆಯಿಂದ ವಿಚಾರಣೆಗೆ ಅಂತ ಕರೆದುಕೊಂಡು ಹೋದರು. ಇವತ್ತಿಗೂ ಠಾಣೆಯಲ್ಲೇ ಇದ್ದಾನೆ. ಅರೆಸ್ಟ್ ಮಾಡಿಲ್ಲ, ವಿಚಾರಣೆ ಅಷ್ಟೇ ಅಂತಾರೆ. ಬೋರ್ಡಿನಲ್ಲಿ ಹೆಸರಿಲ್ಲ. ಕಾಗದ ಏನೂ ಕೊಟ್ಟಿಲ್ಲ. ಏನು ಕೇಳಬೇಕು ಅಂತಲೇ ಗೊತ್ತಾಗ್ತಿಲ್ಲ.

ವಕೀಲರು (5:19): ಶೋಭಾ ಅವರೇ, ಉಳಿದ ಪ್ರಶ್ನೆಗಳು ಕಾಯಲಿ. ಗಮನವಿಟ್ಟು ಓದಿ.

ಹೊರಗೆ ಹೋಗಲು ಬಿಡದೆ ಇಟ್ಟುಕೊಂಡಿದ್ದರೆ ಅದಕ್ಕೆ ಅವರು ಯಾವ ಹೆಸರಿಟ್ಟರೂ ಅದು ಬಂಧನವೇ. ಸಂವಿಧಾನದ 22(2)ನೇ ವಿಧಿ ಮತ್ತು ಬಿಎನ್‌ಎಸ್‌ಎಸ್ ಕಲಂ 58ರಂತೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ನಿಮ್ಮ ಲೆಕ್ಕದಲ್ಲಿ 44 ಗಂಟೆ ಆಗಿದೆ. ಭಾನುವಾರ ಅನ್ನುವುದು ನೆಪವಲ್ಲ, ರಜಾ ದಿನ ಪ್ರಭಾರ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಹೋಗುತ್ತಾರೆ. ಕಾಗದದಲ್ಲಿ ದಸ್ತಗಿರಿ ತೋರಿಸಿದ ಕ್ಷಣದಿಂದ ಗಡಿಯಾರ ಓಡಲಿ ಅಂತ ದಸ್ತಗಿರಿ ಮೆಮೊ (ಹಿಡಿದದ್ದನ್ನು ದಾಖಲಿಸುವ ಕಾಗದ) ಬರೆಯುವುದನ್ನು ಮುಂದೂಡುತ್ತಾರೆ. ಬೋರ್ಡು ಖಾಲಿ ಇರುವುದೂ ಅದಕ್ಕೇ. ಹಾಗಾಗಿ ನಿಮ್ಮ ಕೈಯಲ್ಲಿ ಈಗ ಬೇಕಾಗಿರುವುದು ಬೇರೆ ಯಾರೂ ಬದಲಿಸಲಾಗದ ಒಂದು ಸಮಯದ ಗುರುತು.

ಮೊದಲ ಕೆಲಸ, ಇನ್ನು ಹತ್ತು ನಿಮಿಷದಲ್ಲಿ ಇಮೇಲ್. ಜಿಲ್ಲಾ ಎಸ್‌ಪಿ (ನಗರವಾದರೆ ಕಮಿಷನರ್), ಡಿವೈಎಸ್‌ಪಿ, ಜಿಲ್ಲಾ ಕಂಟ್ರೋಲ್ ರೂಂ, ಮೂವರಿಗೂ ಒಂದೇ ಪತ್ರ. ಉದ್ದ ಬೇಡ. ಹೆಸರು, ವಯಸ್ಸು, ಯಾವ ದಿನ ಎಷ್ಟು ಗಂಟೆಗೆ ಎಲ್ಲಿಂದ ಕರೆದೊಯ್ದರು, ಈಗ ಎಲ್ಲಿದ್ದಾನೆ. ನಂತರ ನಾಲ್ಕು ಬೇಡಿಕೆ: ದಸ್ತಗಿರಿಯಾಗಿದ್ದರೆ ಕಲಂ 36ರ ಮೆಮೊ, ಕಲಂ 47ರ ಬಂಧನದ ಕಾರಣ ಬರಹದಲ್ಲಿ, ಎಫ್‌ಐಆರ್ ನಕಲು, ಕಲಂ 38ರಂತೆ ವಕೀಲರ ಭೇಟಿ. ದಸ್ತಗಿರಿಯಾಗಿಲ್ಲ ಎನ್ನುವುದಾದರೆ ಈಗಲೇ ಮನೆಗೆ ಕಳಿಸಿ ಅಂತ ಕೊನೆಯ ಸಾಲು. ಬೈಗುಳ, ಹಲ್ಲೆ ಆಗಿದೆಯೆಂಬ ಊಹೆ ಬರೆಯಬೇಡಿ. ಕಂಡದ್ದು ಮಾತ್ರ.

ಎರಡನೆಯದು, 112ಕ್ಕೆ ಫೋನ್ ಮಾಡಿ ಇದನ್ನೇ ಹೇಳಿ. ಕರೆಗೆ ನಂಬರ್ ಬೀಳುತ್ತದೆ, ಬರೆದಿಟ್ಟುಕೊಳ್ಳಿ.

ಮೂರನೆಯದು, ಅದೇ ಪತ್ರದ ಎರಡು ಪ್ರತಿ ಹಿಡಿದು ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ. ಸ್ವೀಕೃತಿ ಹಾಕಿಸಿಕೊಳ್ಳಿ. ರೈಟರ್ (ಠಾಣೆಯ ಬರವಣಿಗೆ ನೋಡುವ ಪೊಲೀಸ್) ಹಾಕುವುದಿಲ್ಲ ಅಂದರೆ ಜಗಳ ಬೇಡ, ಇಮೇಲ್ ಸಾಕು. ಎರಡನೇ ಪ್ರತಿಯಲ್ಲಿ ‘ಇಷ್ಟು ಗಂಟೆಗೆ ಕೊಟ್ಟೆ, ಸ್ವೀಕರಿಸಲಿಲ್ಲ’ ಎಂದು ಬರೆದು ಜೊತೆಗಿದ್ದವರ ಸಹಿ ತೆಗೆದುಕೊಳ್ಳಿ. ಮನೆಯವರಿಗೆ ತಿಳಿಸಿದ್ದೇವೆ ಅಂತ ನಿಮ್ಮಿಂದ ಖಾಲಿ ಹಾಳೆಗೆ, ದಿನಾಂಕ ಸಮಯ ಇಲ್ಲದ ಕಾಗದಕ್ಕೆ ಸಹಿ ಕೇಳಬಹುದು. ಹಾಕಬೇಡಿ. ದಸ್ತಗಿರಿ ಮೆಮೊಗೆ ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಹಿ ಕಾನೂನೇ ಕೇಳುತ್ತದೆ, ಅದಕ್ಕೆ ಹಾಕಬಹುದು, ಆದರೆ ನಿಮ್ಮ ಸಹಿಯ ಕೆಳಗೆ ನಿಮ್ಮ ಕೈಯಲ್ಲೇ ಆ ಕ್ಷಣದ ಸಮಯ ಬರೆಯಿರಿ.

ನಾಲ್ಕನೆಯದು, 15100. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ರಾತ್ರಿಯೊಳಗೆ ಏನೂ ಆಗದಿದ್ದರೆ ನಾಳೆ ಬೆಳಿಗ್ಗೆ ಎರಡು ದಾರಿ. ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ ಕಲಂ 100ರ ಅರ್ಜಿ, ಅಂದರೆ ಅಕ್ರಮವಾಗಿ ಕೂಡಿಟ್ಟವರನ್ನು ಹುಡುಕಿ ತರುವ ವಾರಂಟ್. ಇಲ್ಲವೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಇಟ್ಟುಕೊಂಡವರನ್ನು ಕೋರ್ಟಿಗೆ ಹಾಜರುಪಡಿಸಿ ಎಂಬ ಅರ್ಜಿ), ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೋ ಅಲ್ಲಿ: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ಮೆಸೇಜ್ ಹಾಕುತ್ತಿರಿ, ನಾನು ಇಲ್ಲೇ ಇರುತ್ತೇನೆ.

ಶ್ರೀಧರ: ಮೇಡಂ, ಮುಖ್ಯ ನ್ಯಾಯಮೂರ್ತಿಗಳಿಗೆ ಪೋಸ್ಟ್‌ಕಾರ್ಡ್ ಬರೆದರೆ 24 ಗಂಟೆಯಲ್ಲಿ ಬಿಡಲೇಬೇಕು ಅಂತ ಒಂದು ಮೆಸೇಜ್ ಬಂದಿತ್ತು, ಹಾಕ್ಲಾ?

ವಕೀಲರು: ಬೇಡ. ಪತ್ರವನ್ನು ಕೋರ್ಟು ಅರ್ಜಿಯಾಗಿ ಸ್ವೀಕರಿಸಿದ ಉದಾಹರಣೆ ಇದೆ, ‘24 ಗಂಟೆಯಲ್ಲಿ ಬಿಡಲೇಬೇಕು’ ಎಂಬುದು ಎಲ್ಲೂ ಇಲ್ಲ. ಪೋಸ್ಟ್‌ಕಾರ್ಡ್ ತಲುಪುವಷ್ಟರಲ್ಲಿ ಬುಧವಾರ. ಆ ಹೆಣ್ಣುಮಗಳ ಸಮಯ ಹಾಳುಮಾಡಬೇಡಿ.

ಮಂಜುಳಾ: ಹೆಸರು ಹಾಕಿ ಎಫ್‌ಐಆರ್ ನೋಡೋದು ಹೇಗೆ ಅಂತ ಇನ್ನೊಮ್ಮೆ ಹೇಳ್ತೀರಾ?

ವಕೀಲರು: ಬಸವರಾಜ ಅವರಿಗೆ ಬರೆದದ್ದು ಓದಿ.

ವಿನಯ್: ಆರ್‌ಟಿಐ ಹಾಕಿ ಒಂದು ವರ್ಷದ ದಸ್ತಗಿರಿ ಪಟ್ಟಿ ಹೆಸರು ಸಮೇತ ಕೇಳಿದ್ದೆ, 8(1)(ಹೆಚ್) ಮತ್ತು (ಜೆ) ಅಂತ ಒಂದೇ ಸಾಲಲ್ಲಿ ತಿರಸ್ಕರಿಸಿದರು.

ವಕೀಲರು: (ಹೆಚ್) ತನಿಖೆಗೆ ಅಡ್ಡಿಯಾಗುತ್ತದೆ ಅನ್ನುವ ವಿನಾಯಿತಿ. ತನಿಖೆ ನಡೆಯುತ್ತಿದೆ ಎಂದರಷ್ಟೇ ಸಾಲದು, ಹೇಗೆ ಅಡ್ಡಿ ಅಂತ ಅಧಿಕಾರಿ ಹೇಳಬೇಕು. 2007ರಲ್ಲಿ ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಮೊದಲ ಮೇಲ್ಮನವಿಯಲ್ಲಿ ಅದನ್ನು ಉಲ್ಲೇಖಿಸಿ, 30 ದಿನದೊಳಗೆ. (ಜೆ) ಈಗ ಕಷ್ಟ. 2025ರ ನವೆಂಬರ್‌ನಿಂದ ಡೇಟಾ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಬಂದು ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು ಎನ್ನುವ ಸ್ಥಿತಿ, ಉಳಿದಿರುವುದು 8(2)ರ ಸಾರ್ವಜನಿಕ ಹಿತಾಸಕ್ತಿ. ಅದಕ್ಕೇ ಹೆಸರು ಕೇಳಬೇಡಿ. ಕೇಳಬೇಕಾದ್ದು: ತಿಂಗಳುವಾರು ದಸ್ತಗಿರಿ ಸಂಖ್ಯೆ ಕಲಂವಾರು, 35(3) ನೋಟಿಸ್ ಎಷ್ಟು, ಕಲಂ 37ರ ಅಧಿಕಾರಿಯ ಹೆಸರು ಮತ್ತು ನೇಮಕದ ಆದೇಶದ ನಕಲು. ಆ ಆದೇಶ ಇಲ್ಲ ಅನ್ನುವ ಉತ್ತರ ಬಂದರೆ ಅದೇ ದೊಡ್ಡ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿ. ಐದು ವಿಷಯ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ರಮೇಶ್: ನಮ್ಮ ಬಡಾವಣೆ ಸಂಘದಿಂದ ಠಾಣೆ ಬೋರ್ಡಿನ ಫೋಟೋ ತೆಗೆದು ವಾರಕ್ಕೊಮ್ಮೆ ಗ್ರೂಪಲ್ಲಿ ಹಾಕೋಣ ಅಂತ ಇದೀವಿ. ಬಾಡಿಗೆಗೆ ಬರೋರು ಯಾರು ಅಂತ ಗೊತ್ತಾಗುತ್ತೆ. ಸಾರ್ವಜನಿಕ ಬೋರ್ಡ್ ತಾನೇ.

ನಾಗರತ್ನ: ಆ ಬೋರ್ಡು ಇರೋದು ಹಿಡಿದವರನ್ನು ಯಾರೂ ಕಾಣೆ ಮಾಡದಿರಲಿ ಅಂತ. ನಿಮಗೆ ಬಾಡಿಗೆದಾರರನ್ನು ಸೋಸಿಕೊಡೋಕೆ ಅಲ್ಲ.

ರಮೇಶ್: ಕಾನೂನೇ ಪ್ರದರ್ಶಿಸಿ ಅಂದಮೇಲೆ ಉದ್ದೇಶ ಕೇಳೋಕೆ ನೀವ್ಯಾರು?

ನಾಗರತ್ನ: ಆರು ತಿಂಗಳ ಮೇಲೆ ಪೊಲೀಸರೇ ಬಿ ರಿಪೋರ್ಟ್ (ಕೇಸ್ ಮುಚ್ಚುವ ವರದಿ) ಹಾಕಿದರೆ ಆ ಫೋಟೋ ನೀವು ಅಳಿಸ್ತೀರಾ? ನಿಮ್ಮ ಗ್ರೂಪಿನ 250 ಜನರ ಮೊಬೈಲಿಂದ?

ರಮೇಶ್: ಬೆಂಕಿ ಇಲ್ಲದೆ ಹೊಗೆ ಬರಲ್ಲ ಮೇಡಂ.

ನಾಗರತ್ನ: ಇಂಥ ಮಾತು ಆಡೋರ ಮಕ್ಕಳ ಹೆಸರು ಬೋರ್ಡಿಗೆ ಬಂದಾಗ ನೋಡಬೇಕು.

ರಮೇಶ್: ಮಕ್ಕಳನ್ನು ಎಳೀಬೇಡಿ. ಅಡ್ಮಿನ್, ಇದೇನು ಭಾಷೆ?

ವಕೀಲರು: ಇಬ್ಬರೂ ನಿಲ್ಲಿಸಿ. ರಮೇಶ್ ಅವರೇ, ಬೋರ್ಡು ನೋಡುವುದು ತಪ್ಪಲ್ಲ. ‘ಇವರು ಕಳ್ಳರು, ಮನೆ ಕೊಡಬೇಡಿ’ ಎಂಬ ಅಡಿಬರಹದ ಜೊತೆ ಹರಡಿದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 356, ಮಾನಹಾನಿ. ಅದರಲ್ಲಿ 18 ತುಂಬದ ಹುಡುಗನ ಗುರುತು ಇದ್ದರೆ ಬಾಲನ್ಯಾಯ ಕಾಯ್ದೆ ಕಲಂ 74, ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಂಗಿಕ ಅಪರಾಧದಲ್ಲಿ ಆರೋಪಿ ಮನೆಯವನೇ ಆಗಿದ್ದರೆ ಅವನ ಹೆಸರು ಹಾಕಿದರೂ ಸಂತ್ರಸ್ತೆ ಯಾರೆಂದು ಬೀದಿಗೆ ಗೊತ್ತಾಗುತ್ತದೆ, ಆಗ ಬಿಎನ್‌ಎಸ್ ಕಲಂ 72, ಎರಡು ವರ್ಷದವರೆಗೆ. ಬಾಡಿಗೆದಾರರ ಬಗ್ಗೆ ಅನುಮಾನವಿದ್ದರೆ ಅವರಿಂದಲೇ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿ, ಸೇವಾಸಿಂಧುವಿನಲ್ಲಿ ಅವರೇ ಅರ್ಜಿ ಹಾಕಲಿ.

ಬಸವರಾಜ: ಮದುವಿ ಹುಡುಗನ ಪ್ರಮಾಣಪತ್ರ ಹುಡುಗಿ ಕಡೆಯವರು ತೆಗಸಬಹುದೇನ್ರಿ?

ವಕೀಲರು: ಇಲ್ಲ. ಅವನೇ ಅರ್ಜಿ ಹಾಕಬೇಕು.

ಲೋಕೇಶ್: ರೌಡಿ ಶೀಟ್ ಪ್ರಶ್ನೆಗೆ ಉತ್ತರ?

ಮಂಜುಳಾ: ನಮ್ಮ ಠಾಣೆಯ ಒಂದು ಎಫ್‌ಐಆರ್ ನಂಬರ್ ಇದ್ದರೂ ವೆಬ್‌ಸೈಟಲ್ಲಿ ಬರ್ತಿಲ್ಲ ಸರ್.

ವಕೀಲರು: ಎರಡು ಕಾರಣ ಇರಬಹುದು: ಇನ್ನೂ ಅಪ್‌ಲೋಡ್ ಆಗಿಲ್ಲ, ಇಲ್ಲವೇ ಅದು ಸೂಕ್ಷ್ಮ ಪ್ರಕರಣ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 24 ಗಂಟೆಯೊಳಗೆ ಎಫ್‌ಐಆರ್ ಅಪ್‌ಲೋಡ್ ಮಾಡಿ ಎಂದಿತು, ನೆಟ್‌ವರ್ಕ್ ತೊಂದರೆ ಇದ್ದರೆ ಗರಿಷ್ಠ 72. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣ ಹಾಕಬೇಕಿಲ್ಲ. ಹಾಕದಿರುವ ತೀರ್ಮಾನ ಡಿವೈಎಸ್‌ಪಿಗಿಂತ ಕೆಳಗಿನವರದ್ದಲ್ಲ. ಆರೋಪಿ ಕಡೆಯವರು ಠಾಣೆ ಅಥವಾ ಎಸ್‌ಪಿಗೆ ಅರ್ಜಿ, ನಿಗದಿತ ಶುಲ್ಕ ಕೊಟ್ಟರೆ 24 ಗಂಟೆಯಲ್ಲಿ ನಕಲು ಸಿಗಬೇಕು, ಕೋರ್ಟಿನಿಂದಾದರೆ ಎರಡು ಕೆಲಸದ ದಿನ. ದೂರುದಾರರಿಗೆ ಉಚಿತ. ನೀವು ಮೂರನೆಯವರಾದರೆ ವೆಬ್‌ಸೈಟ್ ಬಿಟ್ಟು ಬೇರೆ ಹಕ್ಕು ಹೆಚ್ಚಿಲ್ಲ. ದೋಷಾರೋಪಣ ಪಟ್ಟಿಯಂತೂ ಸಾರ್ವಜನಿಕ ದಾಖಲೆಯೇ ಅಲ್ಲ, 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ವೆಬ್‌ಸೈಟಿಗೆ ಹಾಕಿಸಲು ಒಪ್ಪಲಿಲ್ಲ.

ಶ್ರೀಧರ: ವಾಟ್ಸಾಪಲ್ಲಿ ಪೊಲೀಸ್ ನೋಟಿಸ್ ಬಂದರೆ ಅದು ಅರೆಸ್ಟ್ ದಾಖಲೆ ಆಗುತ್ತಾ? ಒಬ್ಬರಿಗೆ ಬಂದಿದೆ, ಡಿಜಿಟಲ್ ಅರೆಸ್ಟ್ ಅಂತ.

ವಕೀಲರು: ಡಿಜಿಟಲ್ ಅರೆಸ್ಟ್ ಎಂಬುದೇ ಕಾನೂನಿನಲ್ಲಿ ಇಲ್ಲ. ಕಲಂ 35ರ ನೋಟಿಸನ್ನು ವಾಟ್ಸಾಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೋನ್ ಇಡಿ, 1930. ಮೂರನೇ ಸಲ ಶ್ರೀಧರ್, ದಯವಿಟ್ಟು.

ಶ್ರೀಧರ: ಕೇಳೋದೇ ತಪ್ಪು ಅನ್ನೋ ಹಾಗಿದ್ರೆ ಪ್ರಶ್ನೋತ್ತರ ಯಾಕೆ ಇಡ್ತೀರಿ?

ರಮೇಶ್: ಅದೇ ನಾನೂ ಹೇಳಿದ್ದು. ಕೆಲವರಿಗೆ ಪುಟಗಟ್ಟಲೆ, ಕೆಲವರಿಗೆ ಒಂದೇ ಸಾಲು.

ನಾಗರತ್ನ: ಒಬ್ಬರ ತಮ್ಮ ಠಾಣೆಯಲ್ಲಿದ್ದಾನೆ ರಮೇಶ್. ನಿಮ್ಮದು ಬಾಡಿಗೆ ಮನೆ ಚಿಂತೆ.

ಅಡ್ಮಿನ್: ನಾಗರತ್ನ, ರಮೇಶ್ ಇಬ್ಬರಿಗೂ ಒಂದು ಗಂಟೆ ಮ್ಯೂಟ್.

ಶೋಭಾ (10:38): ಸರ್, ಇಮೇಲ್ 5:52ಕ್ಕೆ ಹೋಯ್ತು. ಸ್ವೀಕೃತಿ ಹಾಕಲಿಲ್ಲ, ಚಿಕ್ಕಪ್ಪನ ಸಹಿ ತಗೊಂಡೆ. 9 ಗಂಟೆಗೆ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ದರು. ನ್ಯಾಯಾಂಗ ಬಂಧನ. ಮೆಮೊ ಪ್ರತಿ ಕೊಟ್ಟಿದ್ದಾರೆ.

ವಕೀಲರು: ಮೆಮೊದಲ್ಲಿ ದಸ್ತಗಿರಿಯ ದಿನಾಂಕ, ಸಮಯ ಏನಿದೆ?

ಶೋಭಾ: ಇವತ್ತು ಸಂಜೆ 6:15. ಸ್ಥಳ ಬಸ್ ನಿಲ್ದಾಣದ ಹತ್ತಿರ ಅಂತ ಇದೆ.

ವಕೀಲರು: ಅಂದರೆ ಹಿಡಿಯುವುದಕ್ಕೆ 23 ನಿಮಿಷ ಮೊದಲೇ ಠಾಣೆಯಲ್ಲಿದ್ದಾನೆ ಎಂದು ನೀವು ಎಸ್‌ಪಿಗೆ ಬರೆದಿದ್ದೀರಿ. ಆ ಇಮೇಲ್ ಅಳಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ, ಮುದ್ರಿಸಿ ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಮೂರು ಅರ್ಜಿ. ಒಂದು, ರಿಮ್ಯಾಂಡ್ ಅರ್ಜಿ ಮತ್ತು ಆದೇಶದ ದೃಢೀಕೃತ ನಕಲಿಗೆ ಕೋರ್ಟಿನ ನಕಲು ವಿಭಾಗದಲ್ಲಿ. ಎರಡು, ಕಲಂ 53ರ ವೈದ್ಯಕೀಯ ವರದಿಯ ಪ್ರತಿ, ಅದು ಅವನಿಗೆ ಅಥವಾ ಅವನು ಹೇಳಿದವರಿಗೆ ಸಿಗಬೇಕು. ಮೂರನೆಯದು ತಡ ಆಗಲೇಬಾರದು: ಶುಕ್ರವಾರ ರಾತ್ರಿ 8ರಿಂದ ಇವತ್ತು ರಾತ್ರಿ 10ರವರೆಗಿನ ಠಾಣೆಯ ಸಿಸಿಟಿವಿ ಕಾಪಿಡಲು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಆಧಾರ ಸುಪ್ರೀಂ ಕೋರ್ಟಿನ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣ, 2020ರ ಡಿಸೆಂಬರ್. 18 ತಿಂಗಳು, ಕನಿಷ್ಠ ಒಂದು ವರ್ಷ ಇಡಬೇಕು ಎಂದು ಅದರಲ್ಲಿದೆ, ಆದರೆ ‘ಕೆಟ್ಟಿತ್ತು’ ಎನ್ನುವ ಉತ್ತರ ಬರುವ ಮೊದಲು ಅರ್ಜಿ ದಾಖಲಾಗಿರಬೇಕು. ಪ್ರವೇಶದ್ವಾರ, ಲಾಕಪ್, ರೈಟರ್ ಕೊಠಡಿ, ಮೂರೂ ಕ್ಯಾಮೆರಾ ಹೆಸರಿಸಿ ಕೇಳಿ. ಬಂಧನದ ಕಾರಣ ಬರಹದಲ್ಲಿ ಕೊಟ್ಟರಾ?

ಶೋಭಾ: ಕಲಂ ನಂಬರ್ ಮಾತ್ರ ಇದೆ. ಇಂಗ್ಲಿಷ್‌ನಲ್ಲಿ. ಅವನಿಗೆ ಇಂಗ್ಲಿಷ್ ಓದೋಕೆ ಬರಲ್ಲ.

ವಕೀಲರು: ಅದು ಜಾಮೀನು ಅರ್ಜಿಯ ಮೊದಲ ಅಂಶ. 2025ರ ನವೆಂಬರ್ 6, ಸುಪ್ರೀಂ ಕೋರ್ಟಿನ ಮಿಹಿರ್ ರಾಜೇಶ್ ಶಾ ಪ್ರಕರಣ: ಬಂಧನದ ಕಾರಣ ಕೊಡಬೇಕಾದ್ದು ಬರಹದಲ್ಲಿ, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ. ಆ ಹಾಳೆಯ ಎರಡೂ ಬದಿ ಫೋಟೋ ತೆಗೆದು ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.

ಲೋಕೇಶ್: ಸರ್, ರೌಡಿ ಶೀಟ್?