ಹಂಪ್ ದಾಟಿದ ಮ್ಯಾಲೆ ಗಾಡಿ ಕುಣಿತದ: ಶಾಕಪ್ಪೋ, ಸ್ಪ್ರಿಂಗೋ?

ಸಿಂಧನೂರಿನವ:
ಎಲ್ಲರಿಗೂ ನಮಸ್ಕಾರ. ನಂದು 2014ರ ಸ್ವಿಫ್ಟ್ ಡೀಸೆಲ್, 90,000 ಕಿ.ಮೀ. ದಾಟ್ಯಾದ. ಅವ್ವನ್ನ ದವಾಖಾನಿಗೆ ತೋರಿಸಾಕ ಆಗಾಗ ರಾಯಚೂರಿಗೆ ಹೋಗಬೇಕಾಗ್ತದ. ಪೋತ್ನಾಳ, ಮಾನ್ವಿ ಕಡೆ ಎರಿ ಭೂಮಿ ಮ್ಯಾಲಿನ ರಸ್ತೆ ಹೆಂಗಿರ್ತದ ನಿಮಗ ಗೊತ್ತೇ ಅದ. ಮಳಿಗಾಲದಾಗ ಮಣ್ಣು ಉಬ್ಬತದ, ಬ್ಯಾಸಿಗ್ಯಾಗ ಬಿರಿತದ, ಮ್ಯಾಲಿನ ಡಾಂಬರು ಅಲೆ ಅಲೆ ಆಗ್ತದ. ಮೊದಲು ಅಂಥಾದ್ರಾಗೂ ಗಾಡಿ ಬಿಗಿಯಾಗಿ ಹೋಗ್ತಿತ್ತು. ಈಗ ಒಂದು ಹಂಪ್ ದಾಟಿದ್ರ ಹಿಂದಿನ ಭಾಗ ಮ್ಯಾಲೆ ಕೆಳಗ ಆಡಕೋತನೇ ಹೋಗ್ತದ. ಹಿಂದ ಕುಂತ ಅವ್ವಗ ಹೊಟ್ಟಿ ತೊಳಸ್ತದ, ನಡ ಹಿಡಿತದ. ಗ್ಯಾರೇಜಿನಾಗ ಒಬ್ಬರು ನಾಲ್ಕೂ ಶಾಕಪ್ (ಶಾಕ್ ಅಬ್ಸಾರ್ಬರ್), ನಾಲ್ಕೂ ಸ್ಪ್ರಿಂಗ್ ಬದಲಿಸಬೇಕು ಅಂದ್ರು, ಗಾಡಿ ಕೆಳಗ ಬಗ್ಗಿ ಸೈತ ನೋಡಲಿಲ್ಲ. ಇನ್ನೊಬ್ಬರು ಸ್ಪ್ರಿಂಗಿನ ನಡುವ ರಬ್ಬರ್ ಬಫರ್ ಹಾಕಸ್ರಿ ಸಾಕು ಅಂದ್ರು. ರೊಕ್ಕ ಕೊಡೋಕಿಂತ ಮೊದಲು ಯಾವುದು ಹೋಗ್ಯಾದ ಅಂತ ಮನ್ಯಾಗ ನೋಡಬಹುದಾ? ಪಾನಾ ಸೆಟ್ಟು, ಜಾಕು ಅವ.

ಬಳ್ಳಾರಿ ಕೋಟೆ:
ಮೊದಲು ಗಾಳಿ ನೋಡ್ರಿ ಅಣ್ಣ. ಬೆಳಿಗ್ಗೆ ಗಾಡಿ ಓಡಿಸೋಕೆ ಮುಂಚೆ, ಟೈರು ತಣ್ಣಗಿದ್ದಾಗ ನೋಡಬೇಕು. ಡ್ರೈವರ್ ಬಾಗಿಲಿನ ಕಂಬದ ಹತ್ರ ಸ್ಟಿಕ್ಕರ್ ಐತೆ, ಅದರಾಗೆ ಬರೆದಷ್ಟೇ ಇರಲಿ. ನಮ್ಮ ಕಡೆ ಬಿಸಿಲಿಗೆ ಗಾಳಿ ತಾನೇ ಏರ್ತೈತೆ, ಐದಾರು ಡಿಗ್ರಿಗೆ ಹೆಚ್ಚುಕಮ್ಮಿ ಒಂದು ಪಿಎಸ್‌ಐ. ಪಂಕ್ಚರ್ ಅಂಗಡೀಲಿ ಕೇಳದೇನೇ 40 ಹೊಡೆದು ಕಳಿಸ್ತಾರೆ, ಆಮೇಲೆ ಸಣ್ಣ ಕಲ್ಲಿಗೂ ಗಾಡಿ ಎಗರ್ತೈತೆ.

ಗಂಗಾವತಿ ಮಿಸ್ತ್ರಿ:
ಗಾಳಿ ಮಾತು ಖರೆ. ಆದ್ರ ಗಾಳಿ ಹೆಚ್ಚಾದ್ರ ಗಾಡಿ ಕುಕ್ಕತೈತಿ, ಹಿಂಗ ತೂಗಾಡೂದಿಲ್ಲ. ನೀವು ಹೇಳೂದು ಕೇಳಿದ್ರ ಶಾಕಪ್ ಅನಸತೈತಿ, ಆದ್ರೂ ನೋಡೇ ಹೇಳಬೇಕು. ಭಾರ ಹೊರೂದು ಸ್ಪ್ರಿಂಗು. ಸ್ಪ್ರಿಂಗ್ ಒಮ್ಮೆ ಅದುಮಿತಂದ್ರ ತೊಟ್ಟಿಲು ತೂಗಿ ಬಿಟ್ಟಂಗ ಆಡಕೋತ ಇರತೈತಿ. ಅದನ್ನ ತಡದು ನಿಲ್ಲಸೂದು ಶಾಕಪ್ಪಿನೊಳಗಿನ ಎಣ್ಣಿ. ಸಣ್ಣ ತೂತಿನ್ಯಾಗಿಂದ ಎಣ್ಣಿ ನುಸುಳಬೇಕಾದ್ರ ಆ ಜೋರೆಲ್ಲಾ ಶಾಖ ಆಗಿ ಹೋಗತೈತಿ. ಎಣ್ಣಿ ಸೋರಿತು ಅಂದ್ರ ತಡಿಯೋರು ಯಾರೂ ಇಲ್ಲ.

ಸಿಮೆಂಟ್ ನೆಲದ ಮ್ಯಾಲೆ ನಿಲ್ಲಸಿ ಒಂದೊಂದು ಮೂಲಿ ಜೋರಾಗಿ ಅದುಮಿ ಕೈ ಬಿಡ್ರಿ. ಮ್ಯಾಲೆ ಬಂದು ಒಂದು, ಹೆಚ್ಚಂದ್ರ ಒಂದೂವರಿ ಆಟಕ್ಕ ನಿಲ್ಲಬೇಕು. ಆಮ್ಯಾಲೆ ಟಾರ್ಚ್ ಹಿಡಕೊಂಡು ಶಾಕಪ್ಪಿನ ಮೈ ನೋಡ್ರಿ. ಬರೇ ತೆಳ್ಳನ ಜಿಡ್ಡಿದ್ರ ಹೆದರಬ್ಯಾಡ್ರಿ. ಹಸಿ ಎಣ್ಣಿ ಇಳದು ಅದರ ಮ್ಯಾಲೆ ಧೂಳು ಕೂತು ಕರಿ ರಾಡಿ ಆಗಿದ್ರ ಎಣ್ಣಿ ತಡಿಯೂ ಸೀಲ್ ಹೋಗೈತಿ. ಟೈರಿನ ಮೈಮ್ಯಾಲೆ ಅಂಗೈ ಸುತ್ತಲೂ ಆಡಸ್ರಿ, ಉಬ್ಬು ತಗ್ಗು ಉಬ್ಬು ತಗ್ಗು ಹತ್ತಿದ್ರ ಚಕ್ರ ಬಹಳ ದಿನದಿಂದ ಕುಣದೈತಿ ಅಂತ ತಿಳೀರಿ.

ಸ್ಪ್ರಿಂಗಿಗೆ: ಚಕ್ರದ ನಡು ಗುಬ್ಬಿಯಿಂದ ಮ್ಯಾಲಿನ ಪತ್ರಾದ ಅಂಚಿನ ತನಕ ಟೇಪ್ ಹಿಡೀರಿ. ಎಡಕ್ಕೂ ಬಲಕ್ಕೂ ಅಳತಿ ಒಂದೇ ಇದ್ದು, ಸುತ್ತು ಎಲ್ಲೂ ಮುರದಿಲ್ಲಂದ್ರ ಸ್ಪ್ರಿಂಗ್ ಮುಟ್ಟಬ್ಯಾಡ್ರಿ. ಆ ಬಫರ್ ಸ್ಪ್ರಿಂಗನ್ನ ಬಿಗಿ ಮಾಡತೈತಿ ಅಷ್ಟ, ಕುಣಿತ ನಿಲ್ಲಸೂದಿಲ್ಲ.

ಸಿಂಧನೂರಿನವ:
ಇವತ್ತು ಮುಂಜಾನೆ ನೋಡಿದೆ ರೀ. ಮುಂದಿನವು ಎರಡೂ ಅದುಮಿದ ಕೂಡಲೆ ನಿಂತವು. ಹಿಂದ ಎಡಕ್ಕ ಕೈ ಬಿಟ್ರೂ ಆಡ್ತನೇ ಇತ್ತು, ಶಾಕಪ್ಪಿನ ಕೆಳ ಅರ್ಧ ಕರಿ ರಾಡಿ ಮೆತ್ತಿಕೊಂಡಿತ್ತು, ಬೆರಳು ಹಚ್ಚಿದ್ರ ಎಣ್ಣಿ ಬಂತು. ಟೈರಿನಾಗೂ ತಗ್ಗು ಕೈಗೆ ಹತ್ತಿದವು. ಸ್ಪ್ರಿಂಗ್ ಅಳತಿ ಎರಡೂ ಕಡೆ ಒಂದೇ ಅದ. ಎಡಕಿಂದೊಂದೇ ಬದಲಿಸಿದ್ರ ನಡಿತದಾ? ಎಣ್ಣಿ ತುಂಬಿಸಿಕೊಡೋರು ಇಲ್ಲಿ ಒಬ್ಬರು ಇದ್ದಾರ, ಅದು ಹೆಂಗ?

ಗಂಗಾವತಿ ಮಿಸ್ತ್ರಿ:
ಹಿಂದಿನವು ಎರಡೂ ಒಟ್ಟಿಗೇ ಹಾಕ್ರಿ. ಒಂದು ಹೊಸಾದು ಒಂದು ಹಳೇದು ಇದ್ರ ತಿರುವಿನ್ಯಾಗ, ಜೋರು ಬ್ರೇಕಿನ್ಯಾಗ ಎರಡೂ ಕಡೆ ಒಂದೇ ಹಿಡಿತ ಸಿಗೂದಿಲ್ಲ. ತುಂಬಿಸಿದ್ದು ಬ್ಯಾಡ. ಶಾಕಪ್ಪಿನೊಳಗ ಹೋಗಿ ಬರೂ ರಾಡ್‌ಗೆ ಗೀರು, ತುಕ್ಕು ಬಿದ್ದಿದ್ರ ಹೊಸ ಸೀಲನ್ನೂ ಹರದು ಹಾಕತೈತಿ. ಮುಂದಿನವು ಚೆನ್ನಾಗಿದ್ರ ಇರಲಿ.

ಹಿಂದಿನ ಕೆಲಸ ಮನ್ಯಾಗ ಆಗತೈತಿ, ಅಲ್ಲಿ ಸ್ಪ್ರಿಂಗು ಶಾಕಪ್ಪು ಬ್ಯಾರೆ ಬ್ಯಾರೆ ಅದಾವು. ಮುಂದಿಂದು ಮಾತ್ರ ಯಾವತ್ತೂ ಮನ್ಯಾಗ ಬಿಚ್ಚಬ್ಯಾಡ್ರಿ. ಅಲ್ಲಿ ಸ್ಪ್ರಿಂಗು ಶಾಕಪ್ಪಿನ ಮ್ಯಾಲೇ ಅದುಮಿ ಕೂತಿರತೈತಿ, ಸ್ಪ್ರಿಂಗ್ ಅದುಮಿ ಹಿಡಿಯೂ ಕಂಪ್ರೆಸರ್ ಇಲ್ಲದ ಮ್ಯಾಲಿನ ನಟ್ಟು ಬಿಚ್ಚಿದ್ರ ಜೀವಕ್ಕ ಕುತ್ತು.

ಹಿಂದಿನ ದಿನ ರಾತ್ರಿನೇ ನಟ್ಟು ಬೋಲ್ಟಿಗೆ ತುಕ್ಕು ಬಿಡಸೂ ಎಣ್ಣಿ ಹಚ್ಚಿಡ್ರಿ. ಗಾಡಿ ಗೇರಿನ್ಯಾಗ ಇಟ್ಟು ಮುಂದಿನ ಚಕ್ರಕ್ಕ ಎರಡೂ ಕಡೆ ಕಲ್ಲು ಕೊಡ್ರಿ. ಜಾಕ್ ಎತ್ತೋಕಷ್ಟ, ಎತ್ತಿದ ಕೂಡಲೆ ಬಾಡಿ ಕೆಳಗ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗಿ, ಸಿಮೆಂಟ್ ಬ್ಲಾಕ್ ಇಡಬ್ಯಾಡ್ರಿ, ಒಮ್ಮಿಗೇ ಪುಡಿ ಆಗತಾವು. ಹಿತ್ತಲದ ಎರಿ ಮಣ್ಣಿನ ಮ್ಯಾಲಂತೂ ಬ್ಯಾಡ, ಸ್ಟ್ಯಾಂಡ್ ಹುಗೀತೈತಿ. ಸ್ಟ್ಯಾಂಡ್ ಇಲ್ಲಂದ್ರ ಬಾಡಿಗಿ ತರ್ರಿ, ಸಿಗಲಿಲ್ಲಂದ್ರ ಕೆಲಸ ಮುಂದಕ್ಕ ಹಾಕ್ರಿ.

ಶಾಕಪ್ ಬಿಚ್ಚೂ ಮೊದಲು ಇನ್ನೊಂದು ಜಾಕಿನಿಂದ ಹಿಂದಿನ ಎರಡೂ ಚಕ್ರ ಕೂಡಿಸೂ ಆಕ್ಸಲ್ಲಿಗೆ ಆಸರಿ ಕೊಡ್ರಿ. ಆಕ್ಸಲ್ ಜೋತುಬೀಳದಂಗ ಹಿಡದಿರೂದು ಶಾಕಪ್ಪೇ. ಆಸರಿ ಇಲ್ಲದ ಬಿಚ್ಚಿದ್ರ ಆಕ್ಸಲ್ ಕೆಳಗ ಬೀಳತೈತಿ, ಸ್ಪ್ರಿಂಗ್ ಜಾರತೈತಿ, ಬ್ರೇಕಿನ ಪೈಪು ಜಗ್ಗತೈತಿ. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ರಿ. ಹೊಸ ಶಾಕಪ್ಪನ್ನ ನಿಲ್ಲಸಿ ಹಿಡದು ಪೂರ್ತಿ ಒತ್ತಿ ಎಳದು ಕೆಲವು ಸಲ ಮಾಡ್ರಿ, ಮಲಗಿಸಿಟ್ಟಾಗ ಒಳಗ ಸೇರಿದ ಗಾಳಿ ಮ್ಯಾಲೆ ಹೋಗತೈತಿ. ಬೋಲ್ಟ್ ಮೊದಲು ಸಡಲ ಹಾಕಿ, ಗಾಡಿ ಚಕ್ರದ ಮ್ಯಾಲೆ ನಿಂತ ಮ್ಯಾಲೆ ಕೊನಿ ಬಿಗಿ ಕೊಡ್ರಿ. ಮ್ಯಾಲೆತ್ತಿದಾಗ್ಲೇ ಬಿಗದ್ರ ಬೋಲ್ಟ್ ಸುತ್ತಲಿನ ಬುಶ್ಶಿನ ರಬ್ಬರ್ ತಿರಚಿಕೊಂಡೇ ಉಳದು ಬಹಳ ಬೇಗ ಹರೀತೈತಿ.

ಬಳ್ಳಾರಿ ಕೋಟೆ:
ಚಕ್ರ ನೆಟ್ಟಗೆ ಮಾಡೋ ಅಲೈನ್‌ಮೆಂಟ್ ಮಾಡಿಸಬೇಕಾ ಅಣ್ಣ?

ಗಂಗಾವತಿ ಮಿಸ್ತ್ರಿ:
ಸ್ವಿಫ್ಟಿನ ಹಿಂದಿನ ಶಾಕಪ್ಪಿಗೆ ಬೇಕಾಗಿಲ್ಲ. ಮುಂದಿಂದು ಬಿಚ್ಚಿದ್ರ ಬೇಕು. ಸಿಂಧನೂರ ಅಣ್ಣಾರ, ತಗ್ಗು ಬಿದ್ದ ಟೈರು ಹೊಸ ಶಾಕಪ್ ಹಾಕಿದ ಮ್ಯಾಲೂ ಗುಂಯ್ ಅಂತೈತಿ. ಅದನ್ನ ಕೇಳಿ ಬೇರಿಂಗ್ ಹೋಗೈತಿ ಅಂತ ಯಾರರ ಹೇಳಿದ್ರ ಚಕ್ರ ಎತ್ತಿಸಿ, ಕೈಲೇ ತಿರುಗಿಸಿ, ಅಲ್ಲಾಡಿಸಿ ನೋಡಿದ ಮ್ಯಾಲೇ ಒಪ್ಪಿಕೋರಿ.